ಚೈನಿಗೆ ಹಾಕಿದ ಎಣ್ಣೆ ಎಲ್ಲಿಗೆ ಹೋಗುತ್ತೆ?

ಸೈಕಲ್ ಚೈನಿಗೆ ಯಾವ ಎಣ್ಣೆ ಒಳ್ಳೇದು ಅಂತ ನಮ್ಮ ಬಾಗಲಗುಂಟೆಯಲ್ಲಿ ಕೇಳಿ ನೋಡಿ, ನಾಲ್ಕು ಉತ್ತರ ಗ್ಯಾರಂಟಿ. ಗ್ಯಾರೇಜಿನವರು ಬೈಕಿನಿಂದ ಇಳಿಸಿದ ಹಳೇ ಎಂಜಿನ್ ಆಯಿಲನ್ನು ಬಿಟ್ಟಿ ಕೊಡ್ತಾರೆ. ಹಾರ್ಡ್‌ವೇರ್ ಅಂಗಡಿಯವರು ಡಬ್ಲ್ಯೂಡಿ-40 ಸ್ಪ್ರೇ ತೋರಿಸ್ತಾರೆ. ಮನೆಯವರು ಹೊಲಿಗೆ ಮಷಿನ್ ಎಣ್ಣೆ ಇದೆಯಲ್ಲ ಅಂತಾರೆ. ಭಾನುವಾರ ನಂದಿಬೆಟ್ಟ ಹತ್ತುವ ಗೆಳೆಯರಂತೂ ವ್ಯಾಕ್ಸ್ ಬಿಟ್ಟು ಬೇರೆ ಮಾತೇ ಆಡಲ್ಲ.

ಕೆಲಸದ ದೃಷ್ಟಿಯಿಂದ ನೋಡಿದರೆ ಇದು ಕಷ್ಟದ ಪ್ರಶ್ನೆಯಲ್ಲ. 1880ರಲ್ಲಿ ಹ್ಯಾನ್ಸ್ ರೆನಾಲ್ಡ್ ಮ್ಯಾಂಚೆಸ್ಟರಿನಲ್ಲಿ ರೂಪಿಸಿದ ರೋಲರ್ ಚೈನಿನ ವಂಶದ್ದೇ ಇವತ್ತಿನ ಸೈಕಲ್ ಚೈನು. ಪಿನ್ನಿಂದ ಪಿನ್ನಿಗೆ 12.7 ಮಿಲಿಮೀಟರ್. ಅದು ಸವೆಯೋದು ಒಳಗೆ, ಪಿನ್ನು ಮತ್ತು ಅದನ್ನು ಸುತ್ತಿದ ಲೋಹ ಉಜ್ಜಾಡುವ ಜಾಗದಲ್ಲಿ. ಎಣ್ಣೆ ಬೇಕಿರೋದೂ ಅಲ್ಲೇ. ಹೊರಗೆ ಹೊಳೆಯುವ ಎಣ್ಣೆ ಪೀಣ್ಯದ ಧೂಳನ್ನು ಹಿಡಿದು, ಚೈನನ್ನೇ ಅರೆಯುವ ಕಪ್ಪು ಗೊಜ್ಜಾಗುತ್ತೆ. 1953ರಲ್ಲಿ ನೀರನ್ನು ಹೊರದೂಡಲೆಂದು ತಯಾರಾದದ್ದು ಡಬ್ಲ್ಯೂಡಿ-40. ಕೊಳೆ, ತುಕ್ಕು ಬಿಡಿಸೋಕೆ ಸರಿ, ಚೈನಿನಲ್ಲಿ ಬಹಳ ದಿನ ನಿಲ್ಲಲ್ಲ. ಬೇಸಿಗೆಯ ಧೂಳಿಗೆ ವ್ಯಾಕ್ಸ್, ಮಳೆಗಾಲಕ್ಕೆ ಸ್ವಲ್ಪ ಮಂದ ಎಣ್ಣೆ. ಇಷ್ಟೇ.

ನನ್ನನ್ನು ಕಾಡೋದು ಆ ಬಿಟ್ಟಿ ಎಣ್ಣೆ. ಬಿಸಾಡುವ ವಸ್ತುವನ್ನು ಮತ್ತೆ ಬಳಸೋದು ನಮ್ಮ ಮನೆಗಳಲ್ಲಿ ಕಲಿಸಿದ ಗುಣ. ಹಳೇ ಸೀರೆ ಕೌದಿಯಾಗುತ್ತೆ, ಹಳೇ ಬನಿಯನ್ನು ಒರೆಸೋ ಬಟ್ಟೆಯಾಗುತ್ತೆ. ಹಾಗಾದರೆ ಹಳೇ ಎಂಜಿನ್ ಆಯಿಲ್ ಚೈನಿಗೆ ಹಾಕಿದರೆ ತಪ್ಪೇನು?

ವ್ಯತ್ಯಾಸ ಇದೆ. ಎಂಜಿನ್ನಿನ ಎಣ್ಣೆ ಒಂದು ಡಬ್ಬದೊಳಗೆ ಸುತ್ತುತ್ತೆ, ಕೊನೆಗೆ ಅದನ್ನು ಇಳಿಸಿ ಹಿಡಿಯಬಹುದು. ಸೈಕಲ್ ಚೈನಿಗೆ ಹಾಗೆ ಹಿಡಿಯೋ ಪಾತ್ರೆ ಇಲ್ಲ. ಹಾಕಿದ್ದೆಲ್ಲ ಒಂದಲ್ಲ ಒಂದು ದಿನ ಪ್ಯಾಂಟಿಗೋ, ಬಟ್ಟೆಗೋ, ರಸ್ತೆಗೋ ಹೋಗಲೇಬೇಕು. ಬಳಸಿದ ಎಂಜಿನ್ ಆಯಿಲ್‌ನಲ್ಲಿ ಸವೆದ ಲೋಹದ ಪುಡಿ, ಸುಟ್ಟ ಇಂಧನದ ಉಳಿಕೆ ಸೇರಿರುತ್ತೆ. 2016ರ ಕೇಂದ್ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಡ್ರಮ್ಮಿನಲ್ಲಿದ್ದರೆ ಸಂಗ್ರಹಿಸಿ ಶುದ್ಧೀಕರಿಸಬಹುದಾದ ವಸ್ತುವನ್ನು ಚೈನಿಗೆ ಹಚ್ಚಿ ಊರ ತುಂಬ ಹನಿ ಹನಿಯಾಗಿ ಹಂಚೋದು ಮರುಬಳಕೆ ಅಲ್ಲ. ಕುಂಟೆ ಅಂದರೆ ಸಣ್ಣ ಕೆರೆ. ನಮ್ಮ ಊರಿನ ಹೆಸರಲ್ಲೇ ನೀರಿದೆ. ಮಳೆ ಬಂದಾಗ ರಸ್ತೆಯ ಮೇಲಿನದ್ದೆಲ್ಲ ಚರಂಡಿ ಹಿಡಿದು ಆ ಕಡೆಗೇ ಹೊರಡುತ್ತೆ.

ದುಡ್ಡು ಕೊಟ್ಟವನೂ ಪಾರಾಗಲ್ಲ. ವ್ಯಾಕ್ಸ್ ಹಾಕುವ ಮೊದಲು ಚೈನಿನ ಜಿಡ್ಡನ್ನು ಪೂರ್ತಿ ತೆಗೆಯಬೇಕು. ಅದಕ್ಕೆ ಬಳಸಿದ ಸೀಮೆಎಣ್ಣೆಯನ್ನು ಬಚ್ಚಲಿಗೆ ಸುರಿದರೆ ಬಾಟಲಿಯ ಮೇಲಿನ ಹಸಿರು ಎಲೆಯ ಚಿತ್ರಕ್ಕೆ ಏನು ಬೆಲೆ?

ಅಷ್ಟೆಲ್ಲ ಫ್ಯಾಕ್ಟರಿಗಳ ನಡುವೆ ನನ್ನ ನಾಲ್ಕು ಹನಿಯಿಂದ ಏನಾಗುತ್ತೆ ಅಂತ ಕೇಳಬಹುದು. ನಿಜ, ಏನೂ ಆಗಲ್ಲ. ನಾನು ಹಾಕದಿದ್ದರೆ ಕೆರೆ ತಿಳಿಯಾಗೋದೂ ಇಲ್ಲ. ಆದರೆ ತುಮಕೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಕಾರುಗಳ ಪಕ್ಕ ಸಾಗುವಾಗ ‘ನಾನು ಹೊಗೆ ಬಿಡ್ತಿಲ್ಲ’ ಅನ್ನೋ ಹೆಮ್ಮೆ ನನಗಿದೆ. ಅದೂ ನನ್ನೊಬ್ಬನ ಸಣ್ಣ ಲೆಕ್ಕವೇ ತಾನೇ? ಒಳ್ಳೇದನ್ನು ಎಣಿಸುವಾಗ ಒಬ್ಬನ ಪಾಲೂ ದೊಡ್ಡದು, ಕೆಟ್ಟದ್ದನ್ನು ಎಣಿಸುವಾಗ ಯಾವ ಲೆಕ್ಕ ಬಿಡಿ ಅನ್ನೋದು ನ್ಯಾಯವಲ್ಲ.

ಹಾಗಂತ ಪೀಣ್ಯದ ಶಿಫ್ಟಿಗೆ ಹಳೇ ಸೈಕಲ್ ತುಳಿದು ಹೋಗುವವನಿಗೆ ಪಾಠ ಹೇಳೋಕೆ ನಾನು ಹೋಗಲ್ಲ. ಅವನಿಗೆ ಸೈಕಲ್ಲು ಸಂಬಳದ ದಾರಿ, ನನಗೆ ಆಯ್ಕೆ. ಆಯ್ಕೆ ಇರುವವನು ಮೊದಲು ಲೆಕ್ಕ ಕೊಡಬೇಕು.

ಆದ್ದರಿಂದ ಯಾವ ಎಣ್ಣೆ ಅನ್ನೋದಕ್ಕಿಂತ ಎಷ್ಟು ಅನ್ನೋದು ನನಗೆ ಮುಖ್ಯ. ಪ್ರತಿ ರೋಲರಿಗೆ ಒಂದೇ ಹನಿ. ಪೆಡಲ್ ಹಿಂದಕ್ಕೆ ತಿರುಗಿಸಿ, ಒಳಗೆ ಇಳಿಯೋಕೆ ಸ್ವಲ್ಪ ಹೊತ್ತು ಬಿಟ್ಟು, ಹೊರಗಿನದ್ದನ್ನೆಲ್ಲ ಒರೆಸಬೇಕು. ಒಳಗೆ ಉಳಿದದ್ದು ಚೈನಿನ ಪಾಲು. ಒರೆಸದೆ ಬಿಟ್ಟದ್ದು ಊರಿನ ಪಾಲಿಗೆ.