ಇಂದಿನ ಧಮ್ಮ ಚಿಂತನೆ: ‘ಅದು ಅವರ ಕೆಲಸ’



ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಉಪಾಸಕ ಉಪಾಸಿಕೆಯರ ಜೊತೆ ಶ್ರೀಲಂಕಾ ಯಾತ್ರೆಗೆ ಹೋಗಿದ್ದೆ. ಅನುರಾಧಪುರದಲ್ಲಿ ಮಹಾಬೋಧಿ ವೃಕ್ಷಕ್ಕೆ ವಂದಿಸಿ ಮರುದಿನ ಮಿಹಿಂತಲೆ ಬೆಟ್ಟಕ್ಕೆ ಹೊರಟೆವು. ಸಾಮ್ರಾಟ್ ಅಶೋಕನ ಮಗ ಮಹಿಂದ ಥೇರರು ಆ ದ್ವೀಪಕ್ಕೆ ಧಮ್ಮ ತಂದ ಜಾಗ ಅದು ಎಂಬುದು ಅಲ್ಲಿನವರ ಪರಂಪರೆ. ಬೆಟ್ಟದ ಬುಡದಲ್ಲಿ ಸಾವಿರ ವರ್ಷಕ್ಕೂ ಹಳೆಯ, ವಿಹಾರಕ್ಕೆ ಸೇರಿದ ಆಸ್ಪತ್ರೆಯ ಅವಶೇಷಗಳಿವೆ. ಸಣ್ಣ ಸಣ್ಣ ಕೋಣೆಗಳ ತಳಪಾಯ, ಮನುಷ್ಯನ ಆಕಾರಕ್ಕೇ ಕೊರೆದ ಒಂದು ಕಲ್ಲಿನ ತೊಟ್ಟಿ. ರೋಗಿಯನ್ನು ಅದರೊಳಗೆ ಮಲಗಿಸಿ ಔಷಧಿಯಲ್ಲಿ ನೆನೆಸುತ್ತಿದ್ದರಂತೆ. ಒಂದು ಫೋಟೊ ತೆಗೆದುಕೊಂಡು ಮುಂದೆ ಹೋದೆ.

ಆ ಬೆಟ್ಟಕ್ಕೆ 1,840 ಮೆಟ್ಟಿಲು. ಇಳಿಯುವಾಗ ಮಳೆ ಹಿಡಿಯಿತು, ಜಾರಿ ಬಿದ್ದೆ. ಬಲ ಮಣಿಕಟ್ಟು ಮುರಿಯಿತು, ಹಣೆ ಒಡೆಯಿತು. ಗುರುತಿಲ್ಲದ ಯಾರೋ 1990ಕ್ಕೆ ಫೋನ್ ಮಾಡಿದರು. ನಮ್ಮಲ್ಲಿ 108 ಇದ್ದಂತೆ ಅಲ್ಲಿ ಅದು ಉಚಿತ ಆಂಬುಲೆನ್ಸ್ ನಂಬರ್. ಸ್ವಲ್ಪ ಹೊತ್ತಿಗೆಲ್ಲ ನಾನು ಸರ್ಕಾರಿ ಆಸ್ಪತ್ರೆಯ ಮಂಚದ ಮೇಲಿದ್ದೆ.

ನೋವಿಗೆ ಹೊಟ್ಟೆ ತೊಳಸಿ ಮೈಮೇಲೆಲ್ಲ ವಾಂತಿ ಮಾಡಿಕೊಂಡೆ. ವಾರ್ಡಿನ ಸಹಾಯಕಿ ಒಬ್ಬಾಕೆ ಬಂದರು, ನನ್ನಷ್ಟೇ ವಯಸ್ಸಿರಬಹುದು. ನನ್ನ ಗದ್ದ, ಕುತ್ತಿಗೆ, ಎದೆ ಎಲ್ಲ ಒರೆಸಿದರು. ಒರೆಸುವಾಗ ಅವರ ಕಣ್ಣು ವಾಂತಿಯ ಮೇಲಿರಲಿಲ್ಲ, ನನ್ನ ಮುಖದ ಮೇಲಿತ್ತು. ‘ಬಯ ವೆನ್ನ ಎಪಾ’ ಎಂದರು. ಹೆದರಬೇಡ ಎಂದರ್ಥ. ಭಾಷೆ ಬರದಿದ್ದರೂ ಆ ‘ಬಯ’ ನನಗೆ ತಿಳಿಯಿತು.

ಬಂಧುಗಳೇ, ನಮ್ಮಲ್ಲಿ ಎಷ್ಟೋ ಜನರಿಗೆ ಒಂದು ಅಭ್ಯಾಸವಿದೆ. ಆಫೀಸಿರಲಿ, ಆಸ್ಪತ್ರೆಯಿರಲಿ, ಹೆಸರು ಹೇಳಿದ ಮೇಲೆ ಎರಡನೇ ಪ್ರಶ್ನೆಗೆ ಕಾಯುತ್ತೇವೆ. ಯಾವ ಊರು? ಊರಲ್ಲಿ ಯಾವ ಕಡೆ? ನಿಮ್ಮ ಪೈಕಿ ಯಾರು? ಆ ದಿನವೂ ಮನಸ್ಸಿನ ಒಂದು ಮೂಲೆ ಕಾಯುತ್ತಲೇ ಇತ್ತು. ಯಾರೂ ಕೇಳಲಿಲ್ಲ. ನನಗೆ ಅಳು ಬಂತು. ನರ್ಸ್ ‘ರಿದೆನವಾದ?’ ಎಂದು ಕೈ ತೋರಿಸಿ ಕೇಳಿದರು, ನೋಯುತ್ತಿದೆಯಾ ಎಂದು. ಹೌದೆಂದು ತಲೆಯಾಡಿಸಿದೆ.

ಅಲ್ಲಿ ಜಾತಿಯೇ ಇಲ್ಲ ಎಂದು ನಾನು ಹೇಳುವುದಿಲ್ಲ. ಭಿಕ್ಖು ಸಂಘದಲ್ಲೇ ಸಿಯಾಂ ನಿಕಾಯ ಗೊವಿಗಮ ಜಾತಿಯವರಿಗೆ ಮಾತ್ರ ಎಂದು ಉಳಿದುಬಂದ ದೇಶ ಅದು. ಪರದೇಶದವನಾದ ನನ್ನ ಜಾತಿ ಅವರಿಗೆ ಓದಲು ಬರಲಿಲ್ಲ, ಅಷ್ಟೇ ಇರಬಹುದು. ಆ ಅನುಮಾನ ರಾತ್ರಿಯಿಡೀ ಕಾಡಿತು. ಗೊತ್ತಿಲ್ಲದೆ ತೋರಿದ ಕರುಣೆ ಕರುಣೆಯೇ?

ಬೆಳಿಗ್ಗೆ ನಮ್ಮ ತಂಡದ ಒಬ್ಬರು ನೋಡಲು ಬಂದರು. ನಾನು ಆ ಸಹಾಯಕಿಯ ಬಗ್ಗೆ ಹೇಳಿದೆ. ಅವರು ನಕ್ಕು, ‘ಅದಕ್ಕೆ ಅಳೋದೇನಿದೆ? ಅದು ಅವರ ಕೆಲಸ, ಸಂಬಳ ಬರುತ್ತೆ’ ಎಂದರು.

ಆ ಮಾತು ಮುರಿದ ಮೂಳೆಗಿಂತ ಜೋರಾಗಿ ನೋಯಿಸಿತು. ಯಾಕೆಂದರೆ ನಾನು ಬಾಲ್ಯದುದ್ದಕ್ಕೂ ಕೇಳಿದ ಮಾತು ಅದು. ನಮ್ಮವ್ವ ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದಳು. ಹೆರಿಗೆ ವಾರ್ಡಿನ ರಕ್ತ, ಮಲ, ವಾಂತಿ ಎಲ್ಲ ಅವಳ ಪಾಲು. ‘ಅದು ಅವರ ಕೆಲಸ’ ಎಂದು ಎಲ್ಲರೂ ಹೇಳುತ್ತಿದ್ದರು. ‘ಅವರ’ ಎಂದರೆ ಆಯಾಗಳ ಎಂದಲ್ಲ, ನಮ್ಮ ಕೇರಿಯವರ ಎಂದರ್ಥ. ಅವಳ ಸೀರೆಯ ಫಿನಾಯಿಲ್ ವಾಸನೆಗೆ ನಾಚಿಕೊಂಡು ನಾನು ಶಾಲೆಯಲ್ಲಿ ‘ನಮ್ಮವ್ವ ನರ್ಸು’ ಎಂದು ಸುಳ್ಳು ಹೇಳುತ್ತಿದ್ದೆ. ಒಮ್ಮೆ ಅವಳನ್ನೇ ಕೇಳಿದ್ದೆ, ನಿನಗೆ ಹೇಸಿಗೆ ಆಗಲ್ವಾ ಅಂತ. ‘ಕಕ್ಕಿದವರ ಮುಖ ನೋಡಬೇಕು ಕಣೋ, ಕಕ್ಕಿದ್ದನ್ನ ನೋಡಬಾರದು’ ಅಂದಿದ್ದಳು.

ಬಾಬಾಸಾಹೇಬರು ತಮ್ಮ ನೆನಪಿನ ಬರಹದಲ್ಲಿ ಕಾಠಿಯಾವಾಡದ ಒಂದು ಪ್ರಸಂಗ ಕೊಟ್ಟಿದ್ದಾರೆ, 1929ರದ್ದು. ಅಸ್ಪೃಶ್ಯ ಶಿಕ್ಷಕರೊಬ್ಬರ ಬಾಣಂತಿ ಹೆಂಡತಿಗೆ ಕಾಯಿಲೆ. ಡಾಕ್ಟರ್ ಅವಳನ್ನು ಮುಟ್ಟಲಿಲ್ಲ. ಥರ್ಮಾಮೀಟರ್ ಒಬ್ಬ ಮುಸ್ಲಿಮನ ಕೈಗೆ, ಅವನಿಂದ ಗಂಡನ ಕೈಗೆ, ಗಂಡನಿಂದ ಹೆಂಡತಿಗೆ. ವಾಪಸು ಬಂದದ್ದೂ ಅದೇ ದಾರಿಯಲ್ಲಿ. ಆ ತಾಯಿ ಉಳಿಯಲಿಲ್ಲ. ಆ ಡಾಕ್ಟರಿಗೆ ವಿದ್ಯೆ ಇತ್ತು, ಫೀಸೂ ಸಿಕ್ಕಿತ್ತು. ಕೆಲಸ ಅವನದೇ ಆಗಿತ್ತು. ಆದರೂ ಶುಶ್ರೂಷೆ ನಡೆಯಲಿಲ್ಲ. ಹಾಗಾದರೆ ‘ಅದು ಅವರ ಕೆಲಸ’ ಎಂಬ ಮಾತಿನೊಳಗೆ ಶುಶ್ರೂಷೆ ಪೂರ್ತಿ ಹಿಡಿಸುವುದಿಲ್ಲ.

ಈಗ ವಿನಯ ಪಿಟಕದ ಮಹಾವಗ್ಗದ ಪ್ರಸಂಗ ನೆನೆಯಿರಿ. ಒಬ್ಬ ಭಿಕ್ಖು ಭೇದಿಯಿಂದ ತನ್ನದೇ ಹೊಲಸಿನಲ್ಲಿ ಬಿದ್ದಿದ್ದ. ಯಾರೂ ಯಾಕೆ ನೋಡಿಕೊಳ್ಳುತ್ತಿಲ್ಲ ಎಂದು ತಥಾಗತರು ಕೇಳಿದಾಗ, ನನ್ನಿಂದ ಅವರಿಗೆ ಏನೂ ಉಪಯೋಗವಿಲ್ಲ ಎಂದ. ಭಗವಾನರು ಆನಂದರಿಂದ ನೀರು ತರಿಸಿ, ತಾವೇ ಸುರಿದು, ಇಬ್ಬರೂ ಸೇರಿ ಅವನನ್ನು ತೊಳೆದು ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಒಳ್ಳೆಯ ಶುಶ್ರೂಷಕನ ಐದು ಗುಣ ಹೇಳಿದರು: ಔಷಧಿ ಸಿದ್ಧಪಡಿಸಲು ಬರಬೇಕು, ಪಥ್ಯ ಅಪಥ್ಯ ತಿಳಿದಿರಬೇಕು, ಲಾಭಕ್ಕಲ್ಲದೆ ಮೈತ್ರಿಯಿಂದ ಸೇವೆ ಮಾಡಬೇಕು, ಮಲ ಮೂತ್ರ ವಾಂತಿಗೆ ಹೇಸಬಾರದು, ಧಮ್ಮದ ಮಾತಿನಿಂದ ರೋಗಿಗೆ ಧೈರ್ಯ ತುಂಬಬೇಕು.

ಊರು ಯಾವ ಕೆಲಸವನ್ನು ನಮ್ಮ ಹುಟ್ಟಿಗೆ ಕಟ್ಟಿತೋ ಅದನ್ನು ತಥಾಗತರು ತಮ್ಮ ಕೈಯಿಂದ ಮಾಡಿದರು. ಅದು ಒಂದು ಜಾತಿಯ ಕೆಲಸವಲ್ಲ, ಮನುಷ್ಯರೆಲ್ಲರ ಕೆಲಸ ಎಂದು ಮಾಡಿ ತೋರಿಸಿದರು.

ನಾವು ಹಕ್ಕಿನ ಭಾಷೆ ಕಲಿತವರು. ಚಿಕಿತ್ಸೆ ಯಾರ ಭಿಕ್ಷೆಯೂ ಅಲ್ಲ, ಅದಕ್ಕಾಗಿ ನಾವು ತಲೆ ಬಗ್ಗಿಸಬೇಕಿಲ್ಲ. ಆದರೆ ಹಕ್ಕು ನನ್ನನ್ನು ಮಂಚದವರೆಗೆ ತಲುಪಿಸಬಲ್ಲದು. ಒರೆಸುವಾಗ ನನ್ನ ಮುಖ ನೋಡು ಎಂದು ಯಾವ ಕಾನೂನೂ ಆಜ್ಞೆ ಮಾಡಲಾರದು. ಸ್ವಾತಂತ್ರ್ಯ, ಸಮಾನತೆಯ ಪಕ್ಕದಲ್ಲಿ ಬಾಬಾಸಾಹೇಬರು ಬಂಧುತ್ವವನ್ನೂ ಇಟ್ಟದ್ದು ಯಾಕೆಂದು ನನಗೆ ಆ ವಾರ್ಡಿನಲ್ಲಿ ಅರ್ಥವಾಯಿತು. ಆ ಸಹಾಯಕಿಗೆ ನನ್ನ ಜಾತಿ ಗೊತ್ತಿತ್ತೋ ಇಲ್ಲವೋ ಎಂಬ ಪ್ರಶ್ನೆಗೂ ಒಂದು ಉತ್ತರ ಸಿಕ್ಕಿತು. ನಮ್ಮವ್ವನಿಗೆ ಎಲ್ಲರ ಜಾತಿಯೂ ಗೊತ್ತಿತ್ತು. ಅವಳ ಕೈಯ ನೀರು ಕುಡಿಯದವರ ವಾಂತಿಯನ್ನೂ ಅವಳು ಮುಖ ನೋಡಿಯೇ ಒರೆಸಿದಳು.

ಬಿಡುಗಡೆಯ ದಿನ ಆ ಸಹಾಯಕಿಗೆ ‘ಸ್ತುತಿ’ ಎಂದೆ. ಸಿಂಹಳದಲ್ಲಿ ಅದು ಧನ್ಯವಾದದ ಮಾತು. ಅವರು ನಕ್ಕರು. ನಮ್ಮವ್ವ ತೀರಿಕೊಂಡು ಒಂಬತ್ತು ವರ್ಷ. ಆ ಒಂದು ಮಾತನ್ನು ಅವಳಿಗೆ ನಾನು ಒಂದು ದಿನವೂ ಹೇಳಿರಲಿಲ್ಲ.

ಇಂದಿನ ಅಭ್ಯಾಸ: ಮುಂದಿನ ಸಲ ಆಸ್ಪತ್ರೆಗೆ ಹೋದಾಗ ನೆಲ ಒರೆಸುವವರ ಹೆಸರು ಕೇಳಿ, ಆ ಹೆಸರಿನಿಂದಲೇ ಮಾತಾಡಿಸಿ. ಮನೆಯಲ್ಲಿ ಅಂಥ ಅವ್ವ ಇದ್ದರೆ ಇವತ್ತೇ ಅವಳ ಪಕ್ಕ ಕೂತುಕೊಳ್ಳಿ.

ಭವತು ಸಬ್ಬ ಮಂಗಲಂ. ಜೈ ಭೀಮ್.