ಸ್ಕೂಲು ಅಂದರೆ ಬಿಡುವು

ನುಗ್ಗೇಹಳ್ಳಿಯಲ್ಲಿ ಓದುವಾಗ ನನ್ನ ಪಾಲಿಗೆ ಸ್ಕೂಲೆಂದರೆ ಗಂಟೆ, ಮಗ್ಗಿ, ಮೇಷ್ಟ್ರ ಬೆತ್ತ. ಆ ಪದದ ಮೂಲ ಗ್ರೀಕಿನ ‘ಸ್ಖೋಲೆ’, ಅದರ ಮೊದಲ ಅರ್ಥ ‘ಬಿಡುವು’ ಎಂದು ಕಾಲೇಜಿನಲ್ಲಿ ತಿಳಿದಾಗ ನಗು ಬಂತು. ಹೊಟ್ಟೆಪಾಡಿನ ಕೆಲಸದಿಂದ ಬಿಡುವಾದವನು ಆ ಹೊತ್ತನ್ನು ಮಾತುಕತೆಗೆ, ಕಲಿಕೆಗೆ ಕೊಡುತ್ತಿದ್ದ. ಬಿಡುವಿನ ಹೆಸರೇ ಬರಬರುತ್ತ ಕಲಿಯುವ ಜಾಗಕ್ಕೂ ಅಂಟಿಕೊಂಡು, ಲ್ಯಾಟಿನ್ ಮೂಲಕ ಇಂಗ್ಲಿಷಿಗೆ ಬಂತು.

ಅವನು ಬಿಡುವಾಗಿದ್ದಾಗ ಅವನ ಹೊಲ ಉತ್ತವರು, ನೀರು ಹೊತ್ತವರು ಯಾರು? ಬಿ.ಎಡ್. ಓದುವವರ ಬಾಯಲ್ಲಿ ಸದಾ ಇರುವ ‘ಪೆಡಗಾಜಿ’ ಎಂಬ ಪದವನ್ನೇ ಕೇಳಬೇಕು. ಅದರ ಮೂಲದಲ್ಲಿರುವ ‘ಪೈಡಗೋಗೋಸ್’ ಮೇಷ್ಟ್ರಲ್ಲ. ಯಜಮಾನನ ಮಗನನ್ನು ಪಾಠಕ್ಕೆ ಕರೆದುಕೊಂಡು ಹೋಗಿ ಮನೆಗೆ ಕರೆತರುತ್ತಿದ್ದ ಗುಲಾಮ.

ಇದನ್ನು ಓದಿದ ದಿನ ಅಕ್ಕ ನೆನಪಾದಳು. ಏಳನೇ ಕ್ಲಾಸಿಗೇ ಅವಳನ್ನು ಶಾಲೆ ಬಿಡಿಸಿದ್ದರು. ದಿನಾ ನನ್ನನ್ನು ಶಾಲೆಗೆ ಬಿಟ್ಟು ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದಳು. ಸಂಜೆ ನಾನು ಹೋಮ್‌ವರ್ಕ್ ಬರೆಯುತ್ತಿದ್ದರೆ ಅವಳು ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳು. ಎರಡೂ ಮನೆಗೆಲಸವೇ, ಮಾರ್ಕ್ಸು ಬಂದದ್ದು ನನ್ನದಕ್ಕೆ ಮಾತ್ರ. ಶಾಲೆ ಬಿಟ್ಟವಳಿಗೆ ಬಿಡುವು ಸಿಗಲಿಲ್ಲ, ಬಿಡದವನಿಗೆ ಸಿಕ್ಕಿತು.

ನಮ್ಮೂರಿನ ಲಕ್ಷ್ಮೀನರಸಿಂಹ ದೇವಸ್ಥಾನ ಹೊಯ್ಸಳರ ಕಾಲದ್ದು, 1246ರದು. ಗೋಡೆಯ ವಿಗ್ರಹಗಳಲ್ಲಿ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರು ಕೆತ್ತಿವೆ. ಅವರ ಕೈಗೆ ಕಲ್ಲು ಒದಗಿಸಿದವರನ್ನು, ಅನ್ನ ಬೇಯಿಸಿ ಇಟ್ಟವರನ್ನು ನಾವು ಹೆಸರಿಟ್ಟು ನೆನೆಯುವುದಿಲ್ಲ. ನನ್ನ ಅಂಕಪಟ್ಟಿಯಲ್ಲೂ ಒಂದೇ ಹೆಸರಿದೆ.

ಹಾಗಾದರೆ ಓದಿದ್ದು ನನ್ನ ತಪ್ಪೇ? ಅಲ್ಲ. ಅವಳನ್ನು ಬಿಡಿಸಿದ್ದು ನಾನಲ್ಲ, ಆಗ ನನಗೆ ತಿಳಿವಳಿಕೆಯೂ ಇರಲಿಲ್ಲ. ಆದರೆ ತಪ್ಪಿಲ್ಲದ ಕಡೆಯೂ ಋಣ ಇರುತ್ತದೆ. ‘ಕಷ್ಟಪಟ್ಟು ಓದಿ ಮೇಲೆ ಬಂದೆ’ ಎಂದು ಎಷ್ಟೋ ವರ್ಷ ಹೇಳಿಕೊಂಡು ತಿರುಗಿದೆ. ಕಷ್ಟಪಟ್ಟದ್ದು ನಿಜ, ಕಷ್ಟಪಟ್ಟವನು ನಾನೊಬ್ಬನೇ ಎಂಬುದು ಸುಳ್ಳು. ಆ ಋಣವನ್ನು ದುಡ್ಡಿನಲ್ಲಿ ತೀರಿಸಲಾಗದು. ಮೊದಲು ಆ ಸುಳ್ಳನ್ನು ನಿಲ್ಲಿಸಬೇಕು; ಆಮೇಲೆ ನಮ್ಮ ಮನೆಯಲ್ಲಿ ಇಂದು ಯಾರ ಬಿಡುವಿಗಾಗಿ ಯಾರು ದುಡಿಯುತ್ತಿದ್ದಾರೆಂದು ನೋಡಬೇಕು.

ಮೊನ್ನೆ ಊರಿಗೆ ಹೋದಾಗ ಅಕ್ಕನಿಗೆ ಸ್ಕೂಲಿನ ಅರ್ಥ ಹೇಳಿದೆ. ಕಾಳು ಆರಿಸುತ್ತಲೇ ಕೇಳಿಸಿಕೊಂಡು, “ಈಗ್ಯಾಕಪ್ಪ ಅದೆಲ್ಲ, ಹೋಗ್ಲಿ ಬಿಡು” ಅಂದಳು.

ಬಿಡು ಎನ್ನುವುದು ಅವಳ ದೊಡ್ಡತನ. ಬಿಟ್ಟುಬಿಡುವುದು ನನ್ನ ಕೈಯಲ್ಲಿಲ್ಲ.