ಯಾರದೂ ಅಲ್ಲದ ಕಡಲು

ಗದ್ದೆಗೆ ಬದುವುಂಟು, ತೋಟಕ್ಕೆ ಅಗಳುಂಟು, ಮನೆಗೆ ಪಾಗಾರವುಂಟು. ಕಡಲಿಗೆ ಇವು ಯಾವುವೂ ಇಲ್ಲ. ಹೀಗೆ ಒಡೆಯನಿಲ್ಲದ ವಸ್ತುವಿನ ಬಗೆಗೆ ಮನುಷ್ಯನಿಗೆ ಕರ್ತವ್ಯವೆಂಬುದು ಇದೆಯೇ? ಇದ್ದರೆ ಅದರ ಭಾರವನ್ನು ಹೊರಬೇಕಾದವರು ಯಾರು? ಕಾಸರಗೋಡಿನ ಕರಾವಳಿಯಲ್ಲಿ ಬಾಳುವ ನಮಗೆ ಇದು ಕೇವಲ ಪಂಡಿತರ ಪ್ರಶ್ನೆಯಲ್ಲ.

ಕಡಲಿಗೆ ಬೇಲಿ ಇರಕೂಡದೆಂದು ಶಾಸ್ತ್ರೀಯವಾಗಿ ವಾದಿಸಿದವನು ಡಚ್ ನ್ಯಾಯವೇತ್ತ ಹ್ಯೂಗೋ ಗ್ರೋಷಿಯಸ್. 1609ರಲ್ಲಿ ಪ್ರಕಟವಾದ ಅವನ ಪುಸ್ತಕದ ಗುರಿ ಪೋರ್ಚುಗೀಸರ ಏಕಸ್ವಾಮ್ಯವನ್ನು ಮುರಿಯುವುದಾಗಿತ್ತು. ಜಗಳ ನಮ್ಮ ಹಿಂದೂ ಮಹಾಸಾಗರದ ದಾರಿಗಾಗಿ. ನಮ್ಮನ್ನು ಕೇಳಿದವರಿಲ್ಲ, ಆ ಮಾತು ಬೇರೆ. ಎಷ್ಟು ಬಳಸಿದರೂ ಕಡಲು ಸವೆಯದು ಎಂಬುದು ಅವನ ವಾದದ ಆಧಾರಗಳಲ್ಲಿ ಒಂದು. 1883ರಲ್ಲಿ ಲಂಡನ್ನಿನ ಮೀನುಗಾರಿಕಾ ಪ್ರದರ್ಶನದಲ್ಲಿ ಥಾಮಸ್ ಹಕ್ಸ್‌ಲಿಯಂತಹ ವಿಜ್ಞಾನಿಯೂ ಕಡಲಿನ ಮೀನು ಮುಗಿಯದ ಸಂಪತ್ತೆಂದೇ ನುಡಿದನು. ಹಾಯಿದೋಣಿಯ ಕಾಲದಲ್ಲಿ ಹಾಗೆ ತೋರಿದುದು ಸಹಜ. ಆದರೆ ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಶತಮಾನಗಳಿಂದ ನಡೆದುಬಂದಿದ್ದ ಕಾಡ್ ಮೀನಿನ ಬೇಟೆಯನ್ನು 1992ರಲ್ಲಿ ನಿಲ್ಲಿಸಬೇಕಾಯಿತು. ಹಿಡಿಯಲು ಮೀನೇ ಉಳಿದಿರಲಿಲ್ಲ.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಬೂತಾಯಿ, ಅಂದರೆ ಮಲಯಾಳದ ಮತ್ತಿ, ಬಡವರ ಮೀನು. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ದಡ ಸೇರಿತು. 2021ರಲ್ಲಿ ಸೇರಿದ್ದು 3,297 ಟನ್. ಇದಕ್ಕೆ ಕಡಲ ನೀರಿನ ಕಾವು, ಎಲ್ ನಿನೋ ಮುಂತಾದ ಕಾರಣಗಳೂ ಉಂಟು. ಎಲ್ಲವನ್ನೂ ಬಲೆ ಬೀಸುವವನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಮೊಟ್ಟೆಯಿಡುವ ಮೊದಲೇ ಮರಿಗಳನ್ನು ಬಾಚಿದ್ದೂ ಒಂದು ಕಾರಣವೆಂಬುದನ್ನು ಅಲ್ಲಗಳೆಯಲಾಗದು.

ನನ್ನ ತರಗತಿಗಳಲ್ಲಿ ಕುಳಿತಿದ್ದ ಕಡಲ ಮಕ್ಕಳು ಅನೇಕರು. ಮರಿಮೀನು ಹಿಡಿಯಬೇಡಿರೆಂದು ಅವರಿಗೆ ಹೇಳುವುದು ನನಗೆ ಬಲು ಸುಲಭ. "ನಾನು ಬಿಟ್ಟರೆ ಹಿಂದಿನ ದೋಣಿಯವನು ಬಿಡುತ್ತಾನೆಯೇ ಮಾಷ್ಟ್ರೇ?" ಎಂಬ ಅವರ ಮರುಪ್ರಶ್ನೆಗೆ ಉತ್ತರಿಸುವುದು ಸುಲಭವಲ್ಲ. ತೋಟದ ಯಜಮಾನ ಎಳೆಯ ಕಾಯಿಯನ್ನು ಕೊಯ್ಯದೆ ಬಿಟ್ಟರೆ ಬೆಳೆದ ಕಾಯಿ ಅವನಿಗೇ ಸಿಗುತ್ತದೆ. ಕಡಲಿನಲ್ಲಿ ತಾಳಿದವನಿಗೆ ಬರಿಗೈ, ತಾಳದವನಿಗೆ ಬುಟ್ಟಿ ತುಂಬ ಮೀನು. ಸಜ್ಜನಿಕೆಯೇ ಸೋಲಾಗಿ ಪರಿಣಮಿಸುವ ಇಂತಹ ಎಡೆಯಲ್ಲಿ ಒಬ್ಬೊಬ್ಬನಿಗೂ ನೀತಿಪಾಠ ಹೇಳುವುದರಿಂದ ಪ್ರಯೋಜನವಿಲ್ಲವೆಂದೇ ನನ್ನ ತಿಳಿವಳಿಕೆ. ಜೀವಮಾನವೆಲ್ಲ ನೀತಿಪಾಠ ಹೇಳಿದವನು ಹೀಗೆ ಬರೆಯುವುದು ವಿಚಿತ್ರವೆನಿಸಬಹುದು.

ಹಾಗಾದರೆ ಕಾನೂನು ಸಾಕೇ? ನಮ್ಮ ಊರು ಮದರಾಸು ಪ್ರಾಂತ್ಯಕ್ಕೆ ಸೇರಿದ್ದ 1940ರ ದಶಕದಲ್ಲಿಯೇ ಮರಿ ಬೂತಾಯಿಯ ಬೇಟೆಗೆ ಸರಕಾರ ನಿರ್ಬಂಧ ಹೇರಿ, ಜಾರಿಗೆ ತರಲಾಗದೆ ಹಿಂತೆಗೆದುಕೊಂಡಿತು. ಇಂದು ಕೇರಳದಲ್ಲಿ 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿ ಹಿಡಿಯುವುದು ಅಪರಾಧ. ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳಿಗೆ ಕೇರಳದಲ್ಲಿ 52 ದಿನ, ಕರ್ನಾಟಕದಲ್ಲಿ 61 ದಿನ ನಿಷೇಧ. ತಲಪಾಡಿಯ ಆಚೆ ದೋಣಿ ಕಟ್ಟಿಹಾಕಿದ ದಿನಗಳಲ್ಲಿ ಈಚೆ ಬಲೆ ಬೀಸಬಹುದು! ಭಾಷೆಯ ಗಡಿಯನ್ನು ಕಂಡು ನೊಂದ ನಮಗೆ ಮೀನಿನ ಗಡಿಯನ್ನು ಕಂಡು ನಗು ಬರುತ್ತದೆ.

ಕಾನೂನಿಗಿಂತ ಹಳೆಯದೊಂದು ವ್ಯವಸ್ಥೆ ನಮ್ಮ ಜಿಲ್ಲೆಯಲ್ಲಿಯೇ ಇದೆ. ಭಗವತಿ ಕ್ಷೇತ್ರಗಳ ಆಶ್ರಯದಲ್ಲಿ ಸೇರುವ ಮೀನುಗಾರರ ನ್ಯಾಯಕೂಟಕ್ಕೆ ಕಡಕ್ಕೋಡಿ, ಅಂದರೆ ಕಡಲ ಕೋರ್ಟು, ಎಂದು ಹೆಸರು. ಯಾವ ಬಲೆ ಸಲ್ಲದು, ಯಾರ ಪಾಲು ಎಷ್ಟು ಎಂಬುದನ್ನು ಹಿರಿಯರು ಕುಳಿತು ತೀರ್ಮಾನಿಸುತ್ತಾರೆ. ನಾನು ಬಿಟ್ಟದ್ದನ್ನು ನನ್ನ ನೆರೆಯವನೂ ಬಿಡುತ್ತಾನೆಂಬ ಭರವಸೆ ಅಲ್ಲಿ ದೊರೆಯುತ್ತದೆ. ತಾಳ್ಮೆ ಮೂರ್ಖತನವಾಗದಿರಲು ಬೇಕಾದದ್ದು ಅದೇ. ಮೀನುಗಾರರು ತಾವೇ ಕಟ್ಟುಪಾಡು ಮಾಡಿಕೊಂಡು ಬದುಕಬಲ್ಲರೆಂಬುದನ್ನು ಟರ್ಕಿಯ ಅಲಾನ್ಯಾ ಮುಂತಾದೆಡೆಗಳ ನಿದರ್ಶನಗಳಿಂದ ತೋರಿಸಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿತು. ದೂರದಿಂದ ಬರುವ ದೊಡ್ಡ ಟ್ರಾಲರು ಕಡಕ್ಕೋಡಿಯ ಮಾತಿಗೆ ಬಗ್ಗದು ಎಂಬುದೂ ಅಷ್ಟೇ ದಿಟ.

ಮೀನು ತಿನ್ನದವರು ಇದರಿಂದ ತಮಗೆ ಬಿಡುಗಡೆಯೆಂದು ಭಾವಿಸಬಾರದು. ಒಂದು ಕಾಲದಲ್ಲಿ ಈ ಕರಾವಳಿಯ ತೆಂಗಿನ ಬುಡಕ್ಕೆ ಒಣಗಿದ ಬೂತಾಯಿಯೇ ಗೊಬ್ಬರವಾಗಿತ್ತು. ಈಗ ನಾವು ಎಸೆಯುವ ಪ್ಲಾಸ್ಟಿಕ್ಕನ್ನು, ಕೊಡಗಿನ ಬೆಟ್ಟದಿಂದ ಸುಳ್ಯದ ಮೂಲಕ ಇಳಿದು ಬರುವ ಪಯಸ್ವಿನಿ ಹೊತ್ತು ಕಡಲಿಗೆ ಒಪ್ಪಿಸುತ್ತದೆ. 2017ರಲ್ಲಿ ಕೊಲ್ಲಂ ಬಳಿಯ ನೀಂಡಕರದಲ್ಲಿ ಶುಚಿತ್ವ ಸಾಗರಂ ಎಂಬ ಯೋಜನೆ ಆರಂಭವಾಯಿತು. ಬಲೆಗೆ ಸಿಕ್ಕ ಪ್ಲಾಸ್ಟಿಕ್ಕನ್ನು ಅಲ್ಲಿನ ಮೀನುಗಾರರು ಮರಳಿ ನೀರಿಗೆಸೆಯದೆ ಬಂದರಿಗೆ ತಂದರು. ಪುಡಿಮಾಡಿದ ಆ ಪ್ಲಾಸ್ಟಿಕ್ ರಸ್ತೆಯ ಡಾಂಬರಿಗೆ ಸೇರಿತು. ಎಸೆದವರು ಬೇರೆ, ಹೊತ್ತವರು ಬೇರೆ.

ಭಾರ ಯಾರದೆಂಬ ಮೊದಲ ಪ್ರಶ್ನೆಗೆ ಸದ್ಯ ದೊರೆಯುವ ಉತ್ತರ ಇದೇ ಬಗೆಯದು. ಕಡಲಿಗಿಳಿಯಲಾಗದ ತಿಂಗಳುಗಳಿಗಾಗಿ ಉಳಿತಾಯ ಪರಿಹಾರ ಯೋಜನೆಯೊಂದಿದೆ. ಮೂರು ತಿಂಗಳಿಗೆ ಕೂಡಿ ಮೀನುಗಾರನ ಕೈಸೇರುವುದು 4500 ರೂಪಾಯಿ. ಅದರಲ್ಲಿ 1500 ಅವನೇ ಮೊದಲು ಕಟ್ಟಿದ್ದು. ಆಟಿ ತಿಂಗಳಿನಲ್ಲಿ ಮೀನಿನ ಬೆಲೆ ಏರಿತೆಂದು ಗೊಣಗುತ್ತ ನಾವು ತೆರುವ ಹೆಚ್ಚಿನ ಹಣವೂ ಈ ತಡೆಯ ಬೆಲೆಯೇ ಸರಿ. ಆದರೆ ಅದು ದೋಣಿ ಕಟ್ಟಿ ಕುಳಿತವನ ಕೈಗೆ ಸೇರುವುದಿಲ್ಲ.